ಎಂಜಿನ್ ಪ್ರಶ್ನೋತ್ತರ: ಬೋರಿಂಗ್ ಅಂಗಡಿಗೆ ಬಂದ ದೋಣಿಯ ವಿ-8

ಪ್ರಶ್ನೆ: ನಮ್ಮದು ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಅಂಗಡಿ. ಲಾರಿ, ಟ್ರ್ಯಾಕ್ಟರ್, ಬೋರ್‌ವೆಲ್ ರಿಗ್ಗಿನ ಎಂಜಿನ್ನು, ಇವೇ ನಮಗೆ ದಿನದ ಕೆಲಸ. ಈಗ ಕಾರವಾರದ ಕಡೆಯ ಗಿರಾಕಿಯೊಬ್ಬರು ಸ್ಪೀಡ್ ಬೋಟಿನ ಪೆಟ್ರೋಲ್ ವಿ-8 ತಂದು ಇಳಿಸಿದ್ದಾರೆ. ಷೆವರ್ಲೆ 350, 5.7 ಲೀಟರ್ ಅನ್ನುತ್ತಾರೆ. ‘ರೀಬೋರ್ ಹೆಂಗೂ ಮಾಡ್ತೀರಿ, ಜೊತೆಗೆ ಪವರ್ರೂ ಒಂದಿಷ್ಟು ಏರಿಸಿಬಿಡಿ’ ಎಂಬುದು ಅವರ ಬೇಡಿಕೆ. ಎಲ್ಲಿಂದ ಶುರು ಮಾಡೋಣ? ಎಷ್ಟು ಏರಿಸಿದರೆ ತಡೆಯುತ್ತದೆ?
– ಬೋರಿಂಗ್ ಅಂಗಡಿಯವರು, ದಾವಣಗೆರೆ

ಉತ್ತರ: ಮೊದಲು ಅದು 350 (ಕ್ಯೂಬಿಕ್ ಇಂಚು, ಎಂದರೆ 5.7 ಲೀಟರ್) ಹೌದೋ ಅಲ್ಲವೋ ನೋಡಿ. ಅದೇ ಸಾಲಿನ 5 ಲೀಟರ್ ಎಂಜಿನ್ ಹೊರಗಿನಿಂದ ನೋಡಲು ಹಾಗೇ ಇರುತ್ತದೆ. ಸ್ಟ್ರೋಕು (ಪಿಸ್ಟನ್ ಏರಿಳಿಯುವ ದೂರ) ಎರಡಕ್ಕೂ 88.4 ಮಿಮೀ. ಬೋರು (ಸಿಲಿಂಡರಿನ ಒಳ ಅಗಲ) 350ಕ್ಕೆ 101.6, ಐದು ಲೀಟರಿನದಕ್ಕೆ 94.9. ಹೆಡ್ಡು ಬಿಚ್ಚಿ ಬೋರ್ ಗೇಜ್ ಇಟ್ಟರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂರುವ ಚಾಚಿನ ಮೇಲೆ ಎರಕದ ನಂಬರ್ ಇದೆ. ಪಾರ್ಟ್ಸ್ ತರಿಸುವಾಗ ಅದನ್ನು ಕೊಡಿ. ಗಿರಾಕಿಯ ಬಾಯಿಮಾತಿನ ಮೇಲೆ ಪಿಸ್ಟನ್ ಆರ್ಡರ್ ಮಾಡಬೇಡಿ.

ಎರಡನೆಯದಾಗಿ, ಎಂಜಿನ್ ಯಾವ ಕಡೆ ತಿರುಗುತ್ತದೆ ಎಂದು ಕೇಳಿ. ಫ್ಲೈವೀಲ್ ಕಡೆ ನಿಂತು ನೋಡಿದರೆ ಎಡಕ್ಕೆ ತಿರುಗುವುದೇ ಸಾಮಾನ್ಯ. ಆದರೆ ಜೋಡಿ ಎಂಜಿನ್ನಿನ ದೋಣಿಗಳಲ್ಲಿ ಒಂದು ಎಂಜಿನ್ ಉಲ್ಟಾ ಸುತ್ತುವುದುಂಟು. ಉಲ್ಟಾ ಸುತ್ತಿನದಾದರೆ ಕ್ಯಾಮು (ವಾಲ್ವುಗಳನ್ನು ತೆರೆಯುವ ದಂಡ), ಸ್ಟಾರ್ಟರ್, ಹಿಂದಿನ ಆಯಿಲ್ ಸೀಲು, ಪಿಸ್ಟನ್ ಕೂರಿಸುವ ದಿಕ್ಕು ಎಲ್ಲವೂ ಬೇರೆ. ಸಾಮಾನ್ಯ ಎಂಜಿನ್ನಿನ ಫೈರಿಂಗ್ ಆರ್ಡರ್ 1-8-4-3-6-5-7-2.

ಇನ್ನು ಬ್ಲಾಕು. ಕಡಲ ನೀರು ನೇರವಾಗಿ ಬ್ಲಾಕಿನೊಳಗೆ ಹರಿದು ತಂಪು ಮಾಡುತ್ತಿತ್ತೇ, ಇಲ್ಲವೇ ಹೀಟ್ ಎಕ್ಸ್‌ಚೇಂಜರ್ ಇಟ್ಟು ಒಳಗೆ ಕೂಲಂಟ್ ತಿರುಗುತ್ತಿತ್ತೇ? ಇಡೀ ಕೆಲಸ ಈ ಒಂದು ಉತ್ತರದ ಮೇಲೆ ನಿಂತಿದೆ. ಉಪ್ಪುನೀರು ನೇರ ಹರಿದ ಬ್ಲಾಕಿನ ಬೋರು ಒಳಗಿನಿಂದ ಕನ್ನಡಿಯಂತೆ ಕಂಡರೂ ಜಾಕೆಟ್ (ಬೋರಿನ ಸುತ್ತ ನೀರು ಹರಿಯುವ ಜಾಗ) ಕಡೆಯಿಂದ ತುಕ್ಕು ತಿಂದು ಗೋಡೆ ತೆಳುವಾಗಿರುತ್ತದೆ. ವೆಲ್ಚ್ ಪ್ಲಗ್‌ಗಳನ್ನೆಲ್ಲ (ಬ್ಲಾಕಿನ ತೂತು ಮುಚ್ಚುವ ತಗಡಿನ ಬಿರಡೆ) ತೆಗೆದು ಜಾಕೆಟ್ಟಿನ ತುಕ್ಕಿನ ಹೆಕ್ಕಳಿಕೆ ಕೆರೆದು ಹೊರಹಾಕಿ. ಆಮೇಲೆ ಅಲ್ಟ್ರಾಸಾನಿಕ್ ಗೇಜಿನಲ್ಲಿ ಪ್ರತಿ ಬೋರಿಗೂ ನಾಲ್ಕು ದಿಕ್ಕು, ಮೇಲೆ–ನಡು–ಕೆಳಗೆ ಮೂರು ಎತ್ತರದಲ್ಲಿ ಅಳೆದು ಬರೆದಿಡಿ. ಬೋರ್ ಹೊಡೆದ ಮೇಲೆ ಪಿಸ್ಟನ್ ಒತ್ತುವ ಪಕ್ಕದಲ್ಲಿ 4 ಮಿಮೀ, ಉಳಿದೆಡೆ 3 ಮಿಮೀ ಉಳಿಯಬೇಕು ಎಂಬುದು ನಾವು ಇಟ್ಟುಕೊಳ್ಳುವ ಲೆಕ್ಕ. ಅಷ್ಟಿಲ್ಲದಿದ್ದರೆ ಪವರ್ ಮಾತು ಅಲ್ಲಿಗೆ ಬಿಡಿ. ಒಂದೋ ಲೈನರ್, ಇಲ್ಲವೇ ಬೇರೆ ಬ್ಲಾಕು.

ಬೋರು 30 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಏರಿಸಿದರೆ 102.36 ಮಿಮೀ ಆಗುತ್ತದೆ, ಒಟ್ಟು ಸುಮಾರು 5.8 ಲೀಟರ್. 40 ಥೌ ಕೂಡ ಆಗುತ್ತದೆ, ಗೋಡೆ ಅಳೆದು ನೋಡಿದ ಮೇಲೆ. 60ರ ಗೊಡವೆ ದೋಣಿ ಎಂಜಿನ್ನಿಗೆ ಬೇಡ. ಒಂದು ಮಾತು ಗಿರಾಕಿಗೂ ಹೇಳಿಬಿಡಿ: 30 ಥೌ ಬೋರಿನಿಂದ ಸಿಗುವ ಹೆಚ್ಚುವರಿ ಸಿಸಿ ನೂರಕ್ಕೆ ಒಂದೂವರೆ ಮಾತ್ರ. ರೀಬೋರ್ ಮಾಡುವುದು ಸವೆತ ತೆಗೆಯಲು, ಪವರ್ ಬರುವುದು ಹೆಡ್ಡು, ಕಂಪ್ರೆಷನ್ನು ಮತ್ತು ಕ್ಯಾಮಿನಿಂದ. ಸಿಸಿಯನ್ನೇ ಏರಿಸಬೇಕೆಂದರೆ 95.25 ಮಿಮೀ ಸ್ಟ್ರೋಕಿನ ಕ್ರ್ಯಾಂಕ್ ಹಾಕಿ 6.3 ಲೀಟರ್ ಮಾಡುವ ದಾರಿ ಇದೆ. ಅದಕ್ಕೆ ರಾಡಿನ ಬೋಲ್ಟು ಬ್ಲಾಕಿನ ಅಂಚಿಗೂ ಕ್ಯಾಮಿಗೂ ತಾಗದಂತೆ ಉಜ್ಜಿ ಜಾಗ ಮಾಡಬೇಕು, ಹೊಸದಾಗಿ ಬ್ಯಾಲೆನ್ಸ್ ಮಾಡಿಸಬೇಕು. ಮೊದಲ ಸಲಕ್ಕೆ ಅದು ಬೇಡ.

ಪಿಸ್ಟನ್ ಗ್ಯಾಪಿನ ವಿಷಯದಲ್ಲಿ ಲಾರಿ ಎಂಜಿನ್ನಿನ ಅಭ್ಯಾಸ ಬಿಡಿ. ದೋಣಿಗೆ ಇಳಿಜಾರು ಎಂಬುದೇ ಇಲ್ಲ, ಪೂರ್ತಿ ಥ್ರಾಟಲ್ ಕೊಟ್ಟರೆ ಕೊಟ್ಟಷ್ಟು ಹೊತ್ತೂ ಪೂರ್ತಿ ಲೋಡು. ಒಳಗೆ ಪಿಸ್ಟನ್ ಕಾದು ಹಿಗ್ಗುತ್ತದೆ, ಹೊರಗಿಂದ ತಣ್ಣೀರು ಬೋರನ್ನು ಹಿಗ್ಗಲು ಬಿಡುವುದಿಲ್ಲ. ಹಾಗಾಗಿ ಪಿಸ್ಟನ್ನಿನ ನಾಲ್ಕು ಮೂಲೆಯಲ್ಲಿ ಗೀರು ಬೀಳುತ್ತದೆ. ಎರಕದ ಹೈಪರ್‌ಯೂಟೆಕ್ಟಿಕ್ (ಸಿಲಿಕಾನ್ ಹೆಚ್ಚಿರುವ) ಪಿಸ್ಟನ್ನಿಗೆ 2ರಿಂದ 2.5 ಥೌ, ಫೋರ್ಜ್ ಮಾಡಿದ್ದಕ್ಕೆ 4.5ರಿಂದ 5 ಥೌ ಇಡಿ. ಪಿಸ್ಟನ್ ಕಂಪನಿಯ ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯದೇ ಅಂತಿಮ, ಆದರೆ ಅದರೊಳಗೂ ಮೇಲಿನ ಅಂಕಿಯನ್ನೇ ಹಿಡಿಯಿರಿ. ರಿಂಗಿನ ಗ್ಯಾಪು ಬೋರಿನ ಪ್ರತಿ ಇಂಚಿಗೆ 5 ಥೌ ಎಂದರೆ ಮೇಲಿನ ರಿಂಗಿಗೆ 0.51 ಮಿಮೀ, ಎರಡನೆಯದಕ್ಕೆ 0.56. ಗ್ಯಾಪು ಕಡಿಮೆಯಾದರೆ ತುದಿಗಳು ಬಡಿದುಕೊಂಡು ರಿಂಗ್ ಲ್ಯಾಂಡ್ ಒಡೆದು ಬರುತ್ತದೆ. 0.05 ಹೆಚ್ಚಾದರೆ ಏನೂ ನಷ್ಟವಿಲ್ಲ.

ಹೋನಿಂಗ್ ಆದ ಮೇಲೆ ಬೋರನ್ನು ಡೀಸೆಲ್‌ನಲ್ಲಿ ತೊಳೆಯುವುದು ನಮ್ಮಲ್ಲಿ ರೂಢಿ. ಡೀಸೆಲ್ಲು ಕಲ್ಲಿನ ಪುಡಿಯನ್ನು ಗೀರಿನಿಂದ ಎತ್ತುವುದಿಲ್ಲ, ಒಳಗೇ ಕೂರಿಸುತ್ತದೆ. ಬಿಸಿನೀರು, ಬಟ್ಟೆ ಸೋಪಿನ ಪುಡಿ, ಗಟ್ಟಿ ಬ್ರಷ್ಷು ಹಿಡಿದು ಉಜ್ಜಿ, ಗಾಳಿ ಹೊಡೆದು, ತಕ್ಷಣ ಎಣ್ಣೆ ಸವರಿ. ಬಿಳಿ ಬಟ್ಟೆಯಿಂದ ಒರೆಸಿದಾಗ ಬೂದು ಬಣ್ಣ ಬಂದರೆ ಇನ್ನೊಮ್ಮೆ ತೊಳೆಯಿರಿ. ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ಕೆಲಸ ಮುಗಿದಿಲ್ಲ.

ಕ್ರ್ಯಾಂಕಿನ ಮೈನ್ ಜರ್ನಲ್ (ಬೇರಿಂಗಿನಲ್ಲಿ ತಿರುಗುವ ಭಾಗ) 62.2 ಮಿಮೀ, ರಾಡ್ ಜರ್ನಲ್ 53.3. ಗ್ರೈಂಡ್ ಮಾಡುವುದಾದರೆ 10 ಥೌಗೆ ಮುಗಿಸಲು ನೋಡಿ, ಜರ್ನಲ್ ಮೂಲೆಯ ರೇಡಿಯಸ್ ಮೊದಲಿದ್ದಷ್ಟೇ ಉಳಿಸಿ. ಮೂಲೆ ಚೂಪಾದರೆ ಕ್ರ್ಯಾಂಕ್ ಸೀಳುವುದು ಅಲ್ಲಿಂದಲೇ. ಮೈನ್ ಬೇರಿಂಗ್ ಗ್ಯಾಪು 0.050ರಿಂದ 0.075, ರಾಡಿಗೆ 0.050ರಿಂದ 0.065 ಮಿಮೀ. ಪ್ಲಾಸ್ಟಿಗೇಜ್ (ಗ್ಯಾಪು ಅಳೆಯುವ ಮೆತ್ತನೆಯ ಪ್ಲಾಸ್ಟಿಕ್ ಎಳೆ) ಇಟ್ಟು ಒಂದೊಂದನ್ನೂ ನೋಡಿ. ಮೈನ್ ಕ್ಯಾಪ್ ಬೋಲ್ಟಿಗೆ 95 ನ್ಯೂಟನ್ ಮೀಟರ್. ನಾಲ್ಕು ಬೋಲ್ಟಿನ ಕ್ಯಾಪಾದರೆ ಹೊರಗಿನ ಎರಡಕ್ಕೆ 88. ರಾಡ್ ನಟ್ಟಿಗೆ 61. ಫ್ಲೈವೀಲು, ಮುಂದಿನ ಡ್ಯಾಂಪರ್ ಎರಡೂ ಹಳೆಯವೇ ಇರಲಿ. ಸುಮಾರು 1986ರಿಂದ ಹಿಂದಿನ ಆಯಿಲ್ ಸೀಲು ಎರಡು ತುಂಡಿನ ಬದಲು ಒಂದೇ ತುಂಡಾಯಿತು, ಜೊತೆಗೆ ಫ್ಲೈವೀಲಿನಲ್ಲೂ ಬ್ಯಾಲೆನ್ಸ್ ತೂಕ ಬಂತು. ಹಳೆಯ ಕ್ರ್ಯಾಂಕಿಗೆ ಹೊಸ ಫ್ಲೈವೀಲ್ ಹಾಕಿದರೆ ಎಂಜಿನ್ ನಡುಗುತ್ತದೆ, ನೀವು ಬೇರಿಂಗನ್ನು ಬೈಯುತ್ತ ಕೂರುತ್ತೀರಿ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತು ಅಂಗಡಿಯಲ್ಲಿದ್ದರೆ ಫ್ಲೈವೀಲಿನ ಫೇಸ್ ರನ್‌ಔಟ್ ಅದರಲ್ಲೇ ಡಯಲ್ ಇಟ್ಟು ನೋಡಿಬಿಡಿ.

ಈಗ ಪವರ್ ಬರುವ ಜಾಗ. ಕಂಪ್ರೆಷನ್ ಲೆಕ್ಕ ಕಾಗದದ ಮೇಲೆ ಹಾಕದೆ ಪಿಸ್ಟನ್ ತರಿಸಬೇಡಿ. 30 ಥೌ ಬೋರಿನಲ್ಲಿ ಒಂದು ಸಿಲಿಂಡರಿನ ಸ್ಟ್ರೋಕ್ ವಾಲ್ಯೂಮ್ 727 ಸಿಸಿ. 64 ಸಿಸಿ ಚೇಂಬರಿನ ವೋರ್ಟೆಕ್ ಹೆಡ್ಡು (ಷೆವರ್ಲೆಯದೇ ನಂತರದ ಕಾಲದ ನಮೂನೆ), 1 ಮಿಮೀ ಪ್ಯಾಕಿಂಗಿಗೆ ಸುಮಾರು 8.4 ಸಿಸಿ, ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ 25 ಥೌ ಕೆಳಗೆ ನಿಂತರೆ 5.2 ಸಿಸಿ, 12 ಸಿಸಿ ಗುಳಿಯ ಪಿಸ್ಟನ್. ಕೂಡಿದರೆ 89.6. 727ಕ್ಕೆ 89.6 ಸೇರಿಸಿ 89.6ರಿಂದ ಭಾಗಿಸಿ: 9.1. ಅದೇ ಹೆಡ್ಡಿಗೆ 5 ಸಿಸಿ ಪಾಕೆಟ್ಟಿನ ಸಪಾಟು ಪಿಸ್ಟನ್ ಹಾಕಿದರೆ 9.8. ಹಳೆಯ 76 ಸಿಸಿ ಹೆಡ್ಡಿಗೆ ಸಪಾಟು ಪಿಸ್ಟನ್ನಾದರೆ 8.7. ಕಬ್ಬಿಣದ ಹೆಡ್ಡು, ಬಂಕಿನ ಸಾಮಾನ್ಯ ಪೆಟ್ರೋಲು, ಎಡೆಬಿಡದ ಲೋಡು, ಈ ಮೂರಕ್ಕೂ ಹೊಂದುವುದು 9ರಿಂದ 9.5. ಗುಳಿಯ ಪಿಸ್ಟನ್ ಇಟ್ಟುಕೊಂಡು ಬ್ಲಾಕಿನ ಮೇಲ್ಮೈ 20 ಥೌ ಫೇಸಿಂಗ್ ಮಾಡಿದರೆ 9.5 ಸಿಗುತ್ತದೆ, ಪಿಸ್ಟನ್ನು–ಹೆಡ್ಡಿನ ನಡುವೆ ಒಂದು ಮಿಮೀ ಚಿಲ್ಲರೆ ಮಾತ್ರ ಉಳಿದು ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ಕೂಡ ಕಡಿಮೆಯಾಗುತ್ತದೆ. 9.8ಕ್ಕೆ ಹೋದರೆ ಕಾರಿನಲ್ಲಿ ನಾಕಿಂಗ್ ಕಿವಿಗೆ ಕೇಳುತ್ತಿತ್ತು. ದೋಣಿಯ ಗದ್ದಲದಲ್ಲಿ ಕೇಳುವುದೇ ಇಲ್ಲ, ಪಿಸ್ಟನ್ ತೂತು ಬಿದ್ದ ಮೇಲೆ ಗೊತ್ತಾಗುತ್ತದೆ. ಟೈಮಿಂಗನ್ನೂ ಆಸೆಪಟ್ಟು ಮುಂದೆ ತಳ್ಳಬೇಡಿ. ಪೂರ್ತಿ ಅಡ್ವಾನ್ಸ್ ಸೇರಿ 30ರಿಂದ 32 ಡಿಗ್ರಿ ಸಾಕು.

ಕಬ್ಬಿಣದ ಹೆಡ್ಡುಗಳಲ್ಲಿ ವೋರ್ಟೆಕ್ ಒಳ್ಳೆಯದು, ಗಾಳಿ ಚೆನ್ನಾಗಿ ಎಳೆಯುತ್ತದೆ. ಆದರೆ ಅದರ ವಾಲ್ವ್ ಸೀಟುಗಳ ಬಳಿ ಬಿರುಕು ಬರುವುದುಂಟು, ಮ್ಯಾಗ್ನಾಫ್ಲಕ್ಸ್ (ಅಯಸ್ಕಾಂತದಿಂದ ಬಿರುಕು ಹುಡುಕುವ ಪರೀಕ್ಷೆ) ಮಾಡಿಸದೆ ಕೈ ಹಾಕಬೇಡಿ. ಇನ್‌ಟೇಕ್ ಮ್ಯಾನಿಫೋಲ್ಡಿಗೆ ಅದರಲ್ಲಿ 8 ಬೋಲ್ಟು, ಹಳೆಯದಕ್ಕೆ 12. ಅಂದರೆ ಮ್ಯಾನಿಫೋಲ್ಡೂ ಬದಲಾಗಬೇಕು. ಕ್ಯಾಮ್ ಲಿಫ್ಟು 0.450 ಇಂಚು ದಾಟುವುದಾದರೆ ರಿಟೇನರ್ ಕೆಳಗಿಳಿದು ಗೈಡಿನ ಸೀಲಿಗೆ ಬಡಿಯುತ್ತದೆಯೇ ಅಳೆಯಿರಿ. ಎಕ್ಸಾಸ್ಟ್ ಸೀಟನ್ನು ತೆಳುವಾಗಿ ಕತ್ತರಿಸುವುದು ರೇಸಿನವರ ಚಟ. ದೋಣಿಯಲ್ಲಿ ವಾಲ್ವಿನ ಬಿಸಿ ಇಳಿಯುವುದೇ ಸೀಟಿನ ಮೂಲಕ, ಆದ್ದರಿಂದ ಎಕ್ಸಾಸ್ಟಿಗೆ 1.5ರಿಂದ 1.8 ಮಿಮೀ ಅಗಲ ಇಡಿ. ವಾಲ್ವು ಸ್ಟೇನ್‌ಲೆಸ್ ಆಗಿರಲಿ.

ಹೆಡ್ ಬೋಲ್ಟಿನ ತೂತುಗಳು ಈ ಬ್ಲಾಕಿನಲ್ಲಿ ವಾಟರ್ ಜಾಕೆಟ್ಟಿಗೇ ಇಳಿಯುತ್ತವೆ. ಪ್ರತಿ ಬೋಲ್ಟಿನ ಥ್ರೆಡ್ಡಿಗೂ ಸೀಲಂಟ್ ಹಚ್ಚಲೇಬೇಕು, ಇಲ್ಲದಿದ್ದರೆ ನೀರು ಥ್ರೆಡ್ಡು ಹತ್ತಿಕೊಂಡು ವಾಲ್ವ್ ಕವರಿನೊಳಗೆ ಬಂದು ಆಯಿಲ್ ಹಾಲಿನಂತಾಗುತ್ತದೆ. ಹಳೆಯ ನಮೂನೆಯ ಬೋಲ್ಟಿಗೆ ಮೂರು ಸುತ್ತಿನಲ್ಲಿ 34, 61, 88 ನ್ಯೂಟನ್ ಮೀಟರ್, ನಡುವಿನಿಂದ ಹೊರಕ್ಕೆ. ವೋರ್ಟೆಕ್ ಕಾಲದ ಬೋಲ್ಟಾದರೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವುದು, ಮ್ಯಾನುಯಲ್ ನೋಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೆ, ಮೊದಲು 260 ಎಚ್‌ಪಿ ಇದ್ದ ಎಂಜಿನ್ನಿಂದ ವೋರ್ಟೆಕ್ ಹೆಡ್ಡು, 9.3ರ ಕಂಪ್ರೆಷನ್ನು, ಸೌಮ್ಯ ಕ್ಯಾಮು, ನಾಲ್ಕು ಬ್ಯಾರಲ್ ಕಾರ್ಬುರೇಟರ್ ಸೇರಿ 300ರಿಂದ 310 ಎಚ್‌ಪಿ ನಿರೀಕ್ಷಿಸಬಹುದು. ಅದರಾಚೆಗೆ ಗಿರಾಕಿ ಕೇಳಿದರೆ ಹಿಂದಿನ ಡ್ರೈವ್ (ಪ್ರೊಪೆಲ್ಲರ್ ತಿರುಗಿಸುವ ಗೇರಿನ ಜೋಡಣೆ) ಯಾವುದು ಎಂದು ಕೇಳಿ. ಈ ಎಂಜಿನ್ನಿನ ಹಿಂದೆ ಸಾಮಾನ್ಯವಾಗಿ ಕಾಣುವ ಆಲ್ಫಾ ಒನ್ ಡ್ರೈವಿನ ತಾಳಿಕೆ 300ರ ಆಸುಪಾಸು. ಎಂಜಿನ್ ನಿಮ್ಮದು ಗಟ್ಟಿ ಉಳಿದು ಗೇರು ಉದುರಿದರೂ ಮಾತು ಬರುವುದು ನಿಮ್ಮ ಅಂಗಡಿಗೇ.

ಕೊನೆಗೆ, ಕಾರಿನ ಪಾರ್ಟ್ಸು. ಷೆವರ್ಲೆ ಕಾರು, ಪಿಕಪ್ಪಿನ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್ ಇದಕ್ಕೆ ಕೂರುತ್ತವೆ, ಅಗ್ಗವೂ ಹೌದು. ಆದರೆ ದೋಣಿಯ ಎಂಜಿನ್ ಕೋಣೆ ಮುಚ್ಚಿದ ತೊಟ್ಟಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಮೆರೈನ್ ಪಾರ್ಟ್ಸಿನಲ್ಲಿ ಕಿಡಿ ಹೊರಗೆ ಬರದಂತೆ ಮುಚ್ಚಿರುತ್ತಾರೆ, ಕಾರಿನವುಗಳಲ್ಲಿ ಇಲ್ಲ. ಕಾರ್ಬುರೇಟರ್, ಪೆಟ್ರೋಲ್ ಪಂಪ್ ಕೂಡ ಮೆರೈನ್ ನಮೂನೆಯವೇ ಬೇಕು, ಉಕ್ಕಿದ ಪೆಟ್ರೋಲು ಹೊರಚೆಲ್ಲದಂತೆ ಅವುಗಳ ಕಟ್ಟು ಬೇರೆ. ಏರ್ ಫಿಲ್ಟರಿನ ಜಾಗದಲ್ಲಿ ಫ್ಲೇಮ್ ಅರೆಸ್ಟರ್ (ಬೆಂಕಿ ಹೊರಬರದಂತೆ ತಡೆಯುವ ಜಾಲರಿ). ವೆಲ್ಚ್ ಪ್ಲಗ್ ಹಿತ್ತಾಳೆಯದು, ಹೆಡ್ ಪ್ಯಾಕಿಂಗ್ ಸ್ಟೇನ್‌ಲೆಸ್ ಒಳಪದರದ್ದು, ನೀರಿನ ಪಂಪಿನ ಹಿಂಬದಿ ಪ್ಲೇಟೂ ಸ್ಟೇನ್‌ಲೆಸ್. ಇವುಗಳಲ್ಲಿ ಉಳಿಸಿದ ದುಡ್ಡು ಉಳಿದ ದುಡ್ಡಲ್ಲ.

ಪ್ರಶ್ನೆ: ಅಣ್ಣ ಗೋವಾದಲ್ಲಿ ಬೋಟ್ ಓಡಿಸುತ್ತಾರೆ. ಇದೇ 350 ಎಂಜಿನ್. ಪಿಕಪ್ ಹೆಚ್ಚಲಿ ಎಂದು ದೊಡ್ಡ ಕ್ಯಾಮ್ ಹಾಕಿಸಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ‘ಟಕ್’ ಎಂದು ನಿಂತುಬಿಡುತ್ತದಂತೆ. ಎರಡು ಪ್ಲಗ್ಗಿನಲ್ಲಿ ತುಕ್ಕು. ಹೆಡ್ ಪ್ಯಾಕಿಂಗ್ ಎರಡು ಸಲ ಬದಲಾಯಿಸಿದರೂ ಹಾಗೇ ಇದೆ.
– ಮೆಕ್ಯಾನಿಕ್, ಹಿರಿಯೂರು

ಉತ್ತರ: ಸ್ಟಾರ್ಟರ್ ಮತ್ತೆ ಒತ್ತಬೇಡಿ ಎಂದು ಅಣ್ಣನಿಗೆ ಇವತ್ತೇ ಫೋನ್ ಮಾಡಿ. ಆ ‘ಟಕ್’ ಎಂದರೆ ಸಿಲಿಂಡರಿನಲ್ಲಿ ನೀರು ನಿಂತಿದೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 90 ಸಿಸಿ, ಚಿಕ್ಕ ಚಹಾ ಲೋಟದಷ್ಟು. ಅಷ್ಟು ನೀರು ತುಂಬಿದ್ದರೆ ರಾಡು ಬಾಗಬಹುದು. ಎಂಟೂ ಪ್ಲಗ್ ಬಿಚ್ಚಿ, ಇಗ್ನಿಷನ್ ತಪ್ಪಿಸಿ, ಎಂಜಿನ್ ಕೋಣೆಯ ಬ್ಲೋವರ್ 4 ನಿಮಿಷ ಓಡಿಸಿ, ಆಮೇಲೆ ತಿರುಗಿಸಿ ನೀರು ಹೊರಹಾಕಲಿ. ಪ್ರತಿ ಸಿಲಿಂಡರಿಗೂ ಎಣ್ಣೆ ಬಿಟ್ಟು ಇನ್ನೊಮ್ಮೆ ತಿರುಗಿಸಲಿ. ಆಯಿಲ್ ಬೆಳ್ಳಗಾಗಿದ್ದರೆ ಬಿಳುಪು ಹೋಗುವವರೆಗೆ ಎರಡು–ಮೂರು ಸಲ ಬದಲಾಯಿಸಬೇಕಾಗುತ್ತದೆ.

ತಪ್ಪು ಹೆಡ್ ಪ್ಯಾಕಿಂಗಿನದಲ್ಲ, ಕ್ಯಾಮಿನದಿರಬೇಕು. ದೋಣಿಯಲ್ಲಿ ತಂಪು ಮಾಡಿ ಬಂದ ನೀರನ್ನು ಎಕ್ಸಾಸ್ಟಿನ ರೈಸರ್ ಬಾಗಿನಲ್ಲೇ ಹೊಗೆಗೆ ಬೆರೆಸಿ ಹೊರಗೆ ಬಿಡುತ್ತಾರೆ. ದೊಡ್ಡ ಕ್ಯಾಮಿನಲ್ಲಿ ಇನ್‌ಟೇಕು, ಎಕ್ಸಾಸ್ಟು ವಾಲ್ವುಗಳೆರಡೂ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಐಡಲ್‌ನಲ್ಲಿ ಮ್ಯಾನಿಫೋಲ್ಡಿನ ನಿರ್ವಾತ ಎಕ್ಸಾಸ್ಟ್ ಕಡೆಯಿಂದಲೇ ಹಿಂದಕ್ಕೆ ಎಳೆಯುತ್ತದೆ. ಹೊಗೆಯ ಜೊತೆ ನೀರಿನ ಹನಿಯೂ ವಾಪಸ್ ಬರುತ್ತದೆ. ಕಾರಿಗೆ ಅದ್ಭುತ ಎನಿಸಿದ ಕ್ಯಾಮು ದೋಣಿಯನ್ನು ಮುಳುಗಿಸುವುದು ಹೀಗೆ.

ಖಚಿತ ಮಾಡಿಕೊಳ್ಳುವ ಬಗೆ: ಮೊದಲು ರೈಸರ್ ಬಿಚ್ಚಿ ಅದರ ಪ್ಯಾಕಿಂಗು ನೋಡಿ. ನೀರಿನ ದಾರಿಯಿಂದ ಹೊಗೆಯ ದಾರಿಗೆ ಅಡ್ಡ ತುಕ್ಕಿನ ಗೆರೆ ಇದ್ದರೆ ಸೋರುವುದು ಅಲ್ಲೇ, ಕ್ಯಾಮ್ ನಿರಪರಾಧಿ. ಉಪ್ಪುನೀರಿನಲ್ಲಿ ರೈಸರ್, ಮ್ಯಾನಿಫೋಲ್ಡುಗಳನ್ನು ಐದಾರು ವರ್ಷಕ್ಕೆ ಬದಲಾಯಿಸುವುದೇ ಕ್ರಮ. ಮ್ಯಾನಿಫೋಲ್ಡಿನ ನೀರಿನ ಬಾಯಿಗಳನ್ನು ಮುಚ್ಚಿ, ಒಳಗೆ ನೀರು ತುಂಬಿ ರಾತ್ರಿಯಿಡೀ ಬಿಟ್ಟರೆ ಬಿರುಕಿದ್ದಲ್ಲಿ ಬೆಳಿಗ್ಗೆ ಮಟ್ಟ ಇಳಿದಿರುತ್ತದೆ. ಇವೆರಡೂ ಸರಿಯಿದ್ದು, ಬಾಗಿನಿಂದ ವಾಲ್ವಿನ ಕಡೆಗೆ ಒಳಗೋಡೆಯಲ್ಲಿ ಹೊಸ ಕೆಂಪು ತುಕ್ಕು ಹಿಂದಕ್ಕೆ ಹರಡಿದ್ದರೆ, ವೇಗವಾಗಿ ಓಡಿದ ದಿನ ಪ್ಲಗ್ ಒಣಗಿದ್ದು ಜೆಟ್ಟಿಯ ಬಳಿ ತುಂಬ ಹೊತ್ತು ಐಡಲ್ ಮಾಡಿದ ದಿನ ಒದ್ದೆಯಾಗಿದ್ದರೆ, ಅನುಮಾನವೇ ಬೇಡ.

ಪರಿಹಾರ ಕ್ಯಾಮ್ ಬದಲಾವಣೆ ಒಂದೇ. 50 ಥೌ ಲಿಫ್ಟಿನಲ್ಲಿ ಅಳೆದ ಡ್ಯುರೇಷನ್ (ವಾಲ್ವು ತೆರೆದಿರುವ ಹೊತ್ತು, ಕ್ರ್ಯಾಂಕಿನ ಡಿಗ್ರಿಯಲ್ಲಿ) ಇನ್‌ಟೇಕಿಗೆ 210ರಿಂದ 218 ಡಿಗ್ರಿ, ಎಕ್ಸಾಸ್ಟಿಗೆ 218ರಿಂದ 224, ಲೋಬುಗಳ (ಕ್ಯಾಮಿನ ಉಬ್ಬುಗಳ) ನಡುವಿನ ಕೋನ 112ರಿಂದ 114. ಕಾರಿನ ರೇಸ್ ನಮೂನೆಯ ಕ್ಯಾಮ್‌ಗಳಲ್ಲಿ 106, 108 ಸಾಮಾನ್ಯ. ಗಡಗಡ ಐಡಲ್ ಸದ್ದು ಇಷ್ಟಪಡುವವರಿಗೆ ಅದು ಚಂದ, ದೋಣಿಗೆ ಅದೇ ವಿಷ. ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್ಟೇ ಹಾಕಿ. ಉದ್ದದ ರೈಸರ್ ಹಾಕಿದರೆ ಸ್ವಲ್ಪ ತಡೆಯಬಹುದು, ಅದು ಅರ್ಧ ಪರಿಹಾರ.

ಪ್ರಶ್ನೆ: ಎಂಜಿನ್ 260ರಿಂದ 310 ಎಚ್‌ಪಿಗೆ ಏರಿದರೆ ದೋಣಿಯ ವೇಗವೂ ನೂರಕ್ಕೆ 19ರಷ್ಟು ಏರಬೇಕಲ್ಲವೇ?
– ಐಟಿಐ ವಿದ್ಯಾರ್ಥಿ, ಹರಿಹರ

ಉತ್ತರ: ಏರುವುದಿಲ್ಲ. ಪ್ರೊಪೆಲ್ಲರ್ ತಿರುಗಿಸಲು ಬೇಕಾದ ಪವರ್ ಸುತ್ತಿನ ಮೂರನೇ ಘಾತಕ್ಕೆ ತಕ್ಕಂತೆ ಏರುತ್ತದೆ. 310ನ್ನು 260ರಿಂದ ಭಾಗಿಸಿದರೆ 1.19, ಅದರ ಘನಮೂಲ 1.06. ಅದೇ ಪ್ರೊಪೆಲ್ಲರಿನಲ್ಲಿ 4,400 ಆರ್‌ಪಿಎಂ ಮುಟ್ಟುತ್ತಿದ್ದ ಎಂಜಿನ್ ಈಗ ಸುಮಾರು 4,660 ಮುಟ್ಟುತ್ತದೆ. ವೇಗದಲ್ಲಿ ಸಿಗುವುದು ನೂರಕ್ಕೆ 6, ಪ್ರೊಪೆಲ್ಲರ್ ಸರಿಹೊಂದಿಸಿದರೆ ಹೆಚ್ಚೆಂದರೆ 9. ಗಂಟೆಗೆ 60 ಕಿಮೀ ಓಡುತ್ತಿದ್ದ ದೋಣಿ 64–65 ಓಡಬಹುದು. ದುಡ್ಡು ಖರ್ಚಾಗುವ ಮೊದಲೇ ಗಿರಾಕಿಗೆ ತಿಳಿಸಬೇಕಾದ ಲೆಕ್ಕ ಇದು.

ಪ್ರೊಪೆಲ್ಲರಿನ ಪಿಚ್ (ಲೆಕ್ಕದ ಪ್ರಕಾರ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಒಂದು ಇಂಚು ಬದಲಾದರೆ 150ರಿಂದ 200 ಆರ್‌ಪಿಎಂ ಬದಲಾಗುತ್ತದೆ. ಪೂರ್ತಿ ಥ್ರಾಟಲ್ಲಿನಲ್ಲಿ, ಜನ–ಪೆಟ್ರೋಲು ತುಂಬಿದ ದೋಣಿ, ಕಂಪನಿ ಹೇಳಿದ ಆರ್‌ಪಿಎಂ ಹದದೊಳಗೆ ಬರಬೇಕು. ಕಾರ್ಬುರೇಟರ್ 5.7ಕ್ಕೆ ಅದು ಸಾಮಾನ್ಯವಾಗಿ 4,400ರಿಂದ 4,800. ಹದಕ್ಕಿಂತ ಕೆಳಗೇ ನಿಂತರೆ ಪಿಚ್ ಜಾಸ್ತಿಯಾಗಿದೆ, ಎಂಜಿನ್ ಉಸಿರು ಕಟ್ಟಿ ದುಡಿಯುತ್ತಿದೆ, ನಾಕಿಂಗ್ ಶುರುವಾಗುವುದು ಇಲ್ಲೇ. ಎಷ್ಟೋ ಸಲ ‘ಪವರ್ ಇಲ್ಲ’ ಎಂದು ಬರುವ ದೋಣಿಗೆ ಬೇಕಿರುವುದು ಎರಡು ಇಂಚು ಕಡಿಮೆ ಪಿಚ್ಚಿನ ಪ್ರೊಪೆಲ್ಲರ್, ರೀಬೋರ್ ಅಲ್ಲ.

ಪ್ರಶ್ನೆ: ಸೂಳೆಕೆರೆಯಲ್ಲಿ ಓಡಿಸಲು ದೋಣಿಯೊಂದಕ್ಕೆ ಹಳೆಯ ಮೂರು ಸಿಲಿಂಡರ್ ಟ್ರ್ಯಾಕ್ಟರ್ ಎಂಜಿನ್ ಕೂರಿಸುವ ಯೋಚನೆ ಇದೆ. ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟರೆ ಪವರ್ ಬರುತ್ತದೆ ಅಂತಾರೆ, ನಿಜವಾ?
– ಓದುಗರು, ಚನ್ನಗಿರಿ

ಉತ್ತರ: ಡೀಸೆಲ್ ಜಾಸ್ತಿ ಬಿಟ್ಟರೆ ಬರುವುದು ಕಪ್ಪು ಹೊಗೆ. ಗಾಳಿ ಅಷ್ಟೇ ಇರುವಾಗ ಹೆಚ್ಚಿನ ಡೀಸೆಲ್ ಉರಿಯದೆ ಬೋರಿನ ಎಣ್ಣೆ ತೊಳೆಯುತ್ತದೆ, ರಿಂಗು ಅಂಟುತ್ತದೆ, ಪಿಸ್ಟನ್ ತಲೆ ಕಾಯುತ್ತದೆ. ಹೊಲದಲ್ಲಿ ತಿರುವಿನಲ್ಲಾದರೂ ಎಂಜಿನ್ನಿಗೆ ಬಿಡುವು ಸಿಗುತ್ತದೆ, ನೀರಿನಲ್ಲಿ ಅದೂ ಇಲ್ಲ. ಬದಲಿಗೆ ಕಂಪ್ರೆಷನ್, ನಾಝಲ್ ಪ್ರೆಷರ್, ಪಂಪಿನ ಟೈಮಿಂಗು, ಟ್ಯಾಪೆಟ್ ಗ್ಯಾಪು ಕಂಪನಿಯ ಅಳತೆಗೆ ತನ್ನಿ. ಕಳೆದುಹೋದ ಪವರ್ ಅದರಲ್ಲೇ ಸಿಗುತ್ತದೆ.

ಎಂಜಿನ್ ಕೂರಿಸಬಹುದು. 2,000ದ ಆಸುಪಾಸಿನ ಆರ್‌ಪಿಎಂ ದೊಡ್ಡ ಪ್ರೊಪೆಲ್ಲರಿಗೆ ಒಗ್ಗುತ್ತದೆ. ರಿವರ್ಸ್ ಇರುವ, 2ಕ್ಕೆ 1 ಅಥವಾ ಇನ್ನೂ ಹೆಚ್ಚು ಇಳಿಸುವ ಮೆರೈನ್ ಗೇರ್‌ಬಾಕ್ಸ್ ಬೇಕು. ಕೆರೆಯಲ್ಲಿ ಕಳೆ, ಪಾಚಿ ಇರುವುದರಿಂದ ನೀರು ಎಳೆದು ತಂಪು ಮಾಡುವ ಪದ್ಧತಿಯಲ್ಲಿ ಸ್ಟ್ರೈನರ್ ಕಟ್ಟುವುದೇ ಕೆಲಸವಾಗುತ್ತದೆ. ದೋಣಿಯ ತಳದಡಿ ಪೈಪು ಓಡಿಸಿ ಎಂಜಿನ್ನಿನ ಕೂಲಂಟನ್ನೇ ಅದರಲ್ಲಿ ತಿರುಗಿಸುವುದು ಮೇಲು. ಎಂಜಿನ್ ಹಿಂದಕ್ಕೆ ವಾಲಿ ಕೂರುತ್ತದಾದ್ದರಿಂದ 15 ಡಿಗ್ರಿ ದಾಟಿಸಬೇಡಿ. ವಾಲಿದಾಗ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಸಂಪಿಗೆ ಬೇಕಾದ ಆಯಿಲನ್ನು ಲೀಟರ್ ಲೆಕ್ಕದಲ್ಲಿ ಅಳೆದು ಸುರಿದು, ದೋಣಿ ನೀರಿನಲ್ಲಿರುವಾಗಲೇ ಕಡ್ಡಿಗೆ ಹೊಸ ಗುರುತು ಹಾಕಿ. ಜನರನ್ನು ಹತ್ತಿಸುವುದಾದರೆ 2021ರ ಒಳನಾಡು ಹಡಗು ಕಾಯ್ದೆಯಂತೆ ಸರ್ವೆ, ನೋಂದಣಿ ಆಗಬೇಕು.

ಪ್ರಶ್ನೆ: ಹೀಟ್ ಎಕ್ಸ್‌ಚೇಂಜರ್ ಇರುವ ಎಂಜಿನ್ನಿಗೆ ನಮ್ಮ ಬೋರ್‌ವೆಲ್ ನೀರು ತುಂಬಬಹುದೇ?
– ವರ್ಕ್‌ಶಾಪಿನವರು, ಚಳ್ಳಕೆರೆ

ಉತ್ತರ: ಬೇಡ. ನಿಮ್ಮಲ್ಲಿ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವೇ ಬ್ಲಾಕಿನೊಳಗೂ ಕೂರುತ್ತದೆ, ಅದೂ ಎಲ್ಲಕ್ಕಿಂತ ಬಿಸಿಯಾದ ಎಕ್ಸಾಸ್ಟ್ ಸೀಟಿನ ಹಿಂದೆ. ಪದರ ಬಿಸಿಯನ್ನು ನೀರಿಗೆ ಬಿಡುವುದಿಲ್ಲ, ಮೀಟರಿನಲ್ಲಿ ಟೆಂಪರೇಚರ್ ಸರಿಯಾಗೇ ತೋರಿಸುತ್ತಿರುವಾಗ ಹೆಡ್ಡು ಬಿರುಕು ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರು ಅರ್ಧ, ಕೂಲಂಟ್ ಅರ್ಧ ಬೆರೆಸಿ ಹಾಕಿ. ಥರ್ಮೋಸ್ಟಾಟು ಹೀಟ್ ಎಕ್ಸ್‌ಚೇಂಜರ್ ಇದ್ದರೆ 71 ಡಿಗ್ರಿಯದು. ಕಡಲ ನೀರು ನೇರ ಹರಿಯುವುದಾದರೆ 60–62 ಡಿಗ್ರಿಯದು, ಅದಕ್ಕಿಂತ ಬಿಸಿಯಾದರೆ ಉಪ್ಪು ಒಳಗೇ ಕಟ್ಟುತ್ತದೆ.

ಪ್ರಶ್ನೆ: ದೋಣಿ ಎಂಜಿನ್ ಕಟ್ಟಿದ ಮೇಲೆ ಅಂಗಡಿಯಲ್ಲೇ ಓಡಿಸಿ ನೋಡುವುದು ಹೇಗೆ? ದಾವಣಗೆರೆ ಪೇಟೆಯಲ್ಲಿ ನೀರು ಎಲ್ಲಿಂದ ತರೋಣ?
– ಫಿಟರ್, ದಾವಣಗೆರೆ

ಉತ್ತರ: ನೀರಿಲ್ಲದೆ ಒಂದು ನಿಮಿಷವೂ ಓಡಿಸಬೇಡಿ. ನೀರೆತ್ತುವ ಪಂಪಿನ ರಬ್ಬರ್ ಇಂಪೆಲ್ಲರ್ ಒಣಗಿ ತಿರುಗಿದರೆ ಅರೆ ಗಳಿಗೆಯಲ್ಲಿ ರೆಕ್ಕೆ ಕಿತ್ತುಕೊಳ್ಳುತ್ತದೆ. ಆ ಚೂರುಗಳು ಮುಂದೆ ಹೋಗಿ ಕೂಲರಿನ ಬಾಯಿಗೆ ಅಡರುತ್ತವೆ, ಹೊಸ ಇಂಪೆಲ್ಲರ್ ಹಾಕಿದ ಮೇಲೂ ಎಂಜಿನ್ ಕಾಯುತ್ತದೆ. 200 ಲೀಟರ್ ಡ್ರಮ್ಮು ಕೆಲವೇ ನಿಮಿಷಕ್ಕೆ ಖಾಲಿ. ಸಾವಿರ ಲೀಟರಿನ ಸಿಂಟೆಕ್ಸನ್ನು ಎಂಜಿನ್ನಿಗಿಂತ ಎತ್ತರಕ್ಕಿಟ್ಟು ಒಂದಿಂಚಿನ ಪೈಪು ಕೊಡಿ, ರೈಸರಿನಿಂದ ಬೀಳುವ ನೀರು ಹಿಡಿದು ಆರಿಸಿ ಮತ್ತೆ ಹಾಕಿಕೊಳ್ಳಿ.

ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರ್ ತೆಗೆದು, ಡ್ರಿಲ್ಲಿಗೆ ಸಿಗಿಸಿದ ಉದ್ದನೆಯ ಕಡ್ಡಿಯಿಂದ ಆಯಿಲ್ ಪಂಪ್ ತಿರುಗಿಸಿ, ಹದಿನಾರೂ ರಾಕರಿನಲ್ಲಿ ಆಯಿಲ್ ಉಕ್ಕುವುದನ್ನು ಕಣ್ಣಾರೆ ನೋಡಿ. ರೋಲರ್ ಅಲ್ಲದ ಸಪಾಟು ಟ್ಯಾಪೆಟ್ಟಿನ ಕ್ಯಾಮಾದರೆ ಹತ್ತಿದ ತಕ್ಷಣ 2,000ಕ್ಕೆ ಏರಿಸಿ, 20 ನಿಮಿಷ ಐಡಲ್‌ಗೆ ಇಳಿಸದೆ 2,000–2,500ರ ನಡುವೆ ಏರಿಳಿಸುತ್ತಿರಿ. ಟ್ಯಾಪೆಟ್ಟಿಗೆ ಎಣ್ಣೆ ಸಿಡಿಯುವುದು ಕ್ರ್ಯಾಂಕ್ ಜೋರಾಗಿ ತಿರುಗಿದರೆ ಮಾತ್ರ. ಐಡಲ್‌ನಲ್ಲಿ ಬಿಟ್ಟರೆ ಹೊಸ ಕ್ಯಾಮಿನ ಲೋಬು ಅಲ್ಲೇ ಸವೆಯುತ್ತದೆ. ಆಯಿಲು ಜಿಂಕ್ ಹೆಚ್ಚಿರುವ 20ಡಬ್ಲ್ಯೂ-40 ಅಥವಾ ಮೆರೈನ್ 25ಡಬ್ಲ್ಯೂ-40. ಪ್ರೆಷರ್ ಪ್ರತಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಇದ್ದರೆ ಸಾಕು. ಟೆಸ್ಟ್ ಮುಗಿದ ಮೇಲೆ ಆಯಿಲು, ಫಿಲ್ಟರ್ ಎರಡೂ ಬದಲಾಯಿಸಿ. ಹಳೆ ಫಿಲ್ಟರನ್ನು ಕೊಯ್ದು ಬಿಚ್ಚಿ ಕಾಗದದ ಮಡಿಕೆಗಳ ಮೇಲೆ ಅಯಸ್ಕಾಂತ ಆಡಿಸಿ. ನಾಲ್ಕಾರು ಕಣ ಅಂಟಿದರೆ ಸಹಜ, ಹೊಳೆಯುವ ಪುಡಿ ಗಡ್ಡದಂತೆ ಕಟ್ಟಿದರೆ ಕ್ಯಾಮ್ ಬಿಚ್ಚಿ ನೋಡದೆ ಎಂಜಿನ್ ಕಾರವಾರಕ್ಕೆ ಕಳಿಸಬೇಡಿ.